ಅಮೆರಿಕದಲ್ಲಿ ಮತ್ತೆ ಹ್ಯಾಮ್ ಆಗುವುದು: ಲೈಸೆನ್ಸ್ ಮೊದಲು, ಹಳೆ ಸೆಟ್ಟು ಆಮೇಲೆ

ಕಾಲೇಜು ದಿನಗಳಲ್ಲಿ ಹ್ಯಾಮ್ ಅಂದರೆ ಹವ್ಯಾಸಿ ರೇಡಿಯೋ ಲೈಸೆನ್ಸ್ ಮಾಡಿಸಿ, ವಿಯು2, ವಿಯು3 ಎಂದು ಶುರುವಾಗುವ ಕಾಲ್‌ಸೈನ್ (ರೇಡಿಯೋದಲ್ಲಿ ಹೇಳಿಕೊಳ್ಳುವ ಗುರುತು) ಪಡೆದು, ಅಮೆರಿಕಕ್ಕೆ ಬಂದ ಮೇಲೆ ಮೈಕ್ ಮುಟ್ಟದೆ ಉಳಿದ ಕನ್ನಡಿಗರು ಇದ್ದಾರೆ. ಮತ್ತೆ ಶುರು ಮಾಡೋಣ ಅನ್ನಿಸಿದಾಗ ಕಣ್ಣು ಮೊದಲು ಹೋಗುವುದು ಸೆಕೆಂಡ್‌ಹ್ಯಾಂಡ್ ರೇಡಿಯೋಗಳ ಕಡೆಗೆ. ಅದು ತಲೆಕೆಳಗು. ಇಲ್ಲಿ ಲೈಸೆನ್ಸ್ ಅಗ್ಗ, ಬೇಗ ಕೈಗೆ ಬರುತ್ತದೆ. ದುಡ್ಡು ಮುಳುಗುವುದು ಹಳೆ ಸೆಟ್ಟಿನಲ್ಲಿ.

ನಿಮ್ಮ ಭಾರತದ ಲೈಸೆನ್ಸ್ ಇನ್ನೂ ಚಾಲ್ತಿಯಲ್ಲಿದ್ದು, ನೀವಿನ್ನೂ ಭಾರತದ ಪ್ರಜೆಯೇ ಆಗಿದ್ದರೆ ಪರೀಕ್ಷೆಯಿಲ್ಲದೆ ಇಲ್ಲಿ ಮಾತಾಡಬಹುದು. ಎರಡೂ ದೇಶಗಳ ನಡುವೆ ಪರಸ್ಪರ ಒಪ್ಪಂದವಿದೆ. ಕಾಲ್‌ಸೈನ್‌ಗಿಂತ ಮೊದಲು ನೀವಿರುವ ವಲಯದ ಗುರುತು ಸೇರಿಸಬೇಕು, ಕ್ಯಾಲಿಫೋರ್ನಿಯಾದಲ್ಲಾದರೆ ಡಬ್ಲ್ಯು6. ಅಮೆರಿಕದ ಪೌರತ್ವ ಪಡೆದವರಿಗೆ ಈ ದಾರಿ ಇಲ್ಲ. ಅವಧಿ ಮುಗಿದ ವಿಯು ಲೈಸೆನ್ಸಿಗೆ ಇಲ್ಲಿ ಲೈಸೆನ್ಸ್ ಕೊಡುವ ಸರ್ಕಾರಿ ಸಂಸ್ಥೆಯಾದ ಎಫ್‌ಸಿಸಿ ಯಾವ ವಿನಾಯಿತಿಯನ್ನೂ ಕೊಡುವುದಿಲ್ಲ, ಪರೀಕ್ಷೆ ಬರೆಯಲೇಬೇಕು. ಮೋರ್ಸ್ (ಚುಕ್ಕಿ-ಗೆರೆಯ ಸಂಕೇತ) ಮರೆತಿದ್ದರೆ ಚಿಂತೆ ಬೇಡ, 2007ರಿಂದ ಅದು ಪರೀಕ್ಷೆಯಲ್ಲಿಲ್ಲ.

ಎಂಎಸ್ ಓದುವಾಗ ಇಲ್ಲಿಯ ಲೈಸೆನ್ಸನ್ನೇ ಪಡೆದು ಕೈಬಿಟ್ಟವರ ಲೆಕ್ಕ ಬೇರೆ. ಅವಧಿ 10 ವರ್ಷ. ಮುಗಿದು 2 ವರ್ಷದೊಳಗಾದರೆ ಆನ್‌ಲೈನಿನಲ್ಲಿ ನವೀಕರಿಸಿದರೆ ಸಾಕು, ಆದರೆ ನವೀಕರಣ ಆಗುವ ತನಕ ಟ್ರಾನ್ಸ್‌ಮಿಟ್ ಮಾಡುವಂತಿಲ್ಲ. 2 ವರ್ಷ ದಾಟಿದ್ದರೂ, ಹಳೆಯದು ಮೇಲಿನ ದರ್ಜೆಗಳಾದ ಜನರಲ್ ಅಥವಾ ಎಕ್ಸ್‌ಟ್ರಾ ಆಗಿದ್ದರೆ 2014ರ ನಿಯಮದ ಪ್ರಕಾರ ಮೊದಲ ದರ್ಜೆಯಾದ ಟೆಕ್ನಿಷಿಯನ್ ಪರೀಕ್ಷೆಯೊಂದನ್ನು ಪಾಸು ಮಾಡಿ, ಹಳೆ ಲೈಸೆನ್ಸಿನ ಪುರಾವೆ ತೋರಿಸಿದರೆ ಹಿಂದಿನ ದರ್ಜೆಯೇ ಸಿಗುತ್ತದೆ. ಹಳೆ ಕಾಲ್‌ಸೈನ್ ಮಾತ್ರ ತಾನಾಗಿ ಬರುವುದಿಲ್ಲ. ಬೇರೆಯವರು ತೆಗೆದುಕೊಂಡಿರದಿದ್ದರೆ ವ್ಯಾನಿಟಿ ಅರ್ಜಿ (ಇಂಥದ್ದೇ ಕಾಲ್‌ಸೈನ್ ಬೇಕೆಂಬ ಅರ್ಜಿ) ಹಾಕಿ ಕೇಳಬೇಕು.

ಹೊಸದಾಗಿ ಬರೆಯುವವರು ಮೊದಲು ಎಫ್‌ಸಿಸಿಯ ನೋಂದಣಿ ತಾಣವಾದ ಕೋರ್ಸ್‌ನಲ್ಲಿ (CORES) ಎಫ್‌ಆರ್‌ಎನ್ ಎಂಬ ನೋಂದಣಿ ನಂಬರ್ ಮಾಡಿಸಿಕೊಳ್ಳಿ. ನಮ್ಮವರು ಎಡವುವುದು ಹೆಸರಿನಲ್ಲಿ. ಇನಿಷಿಯಲ್ ಬಿಡಿಸಿದ ಹೆಸರು ಒಂದು ಕಡೆ, ಅಪ್ಪನ ಹೆಸರೇ ಸರ್‌ನೇಮ್ ಆದದ್ದು ಇನ್ನೊಂದು ಕಡೆ, ವೀಸಾದಲ್ಲಿ ಬಂದು ಕೂತ ‘ಎಫ್‌ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ ಎಂದರ್ಥ) ಮತ್ತೊಂದು ಕಡೆ. ಪರೀಕ್ಷೆಗೆ ತೋರಿಸುವ ಗುರುತಿನ ಚೀಟಿಯಲ್ಲಿ ಹೇಗಿದೆಯೋ ಹಾಗೇ ತುಂಬಿ. ಅಂಚೆ ವಿಳಾಸ ಅಮೆರಿಕದ್ದೇ ಆಗಬೇಕು. ಅದು ಎಫ್‌ಸಿಸಿ ದಾಖಲೆಯಲ್ಲಿ ಯಾರು ಬೇಕಾದರೂ ನೋಡುವಂತೆ ಇರುತ್ತದೆ. ಬೇಡವೆನಿಸಿದರೆ ಪೋಸ್ಟ್ ಬಾಕ್ಸ್ ಕೊಡಿ.

ಟೆಕ್ನಿಷಿಯನ್, ಜನರಲ್ ಎರಡಕ್ಕೂ 35 ಪ್ರಶ್ನೆ, 26 ಸರಿಯಾದರೆ ಪಾಸು. ಎಕ್ಸ್‌ಟ್ರಾಕ್ಕೆ 50ರಲ್ಲಿ 37. ಪ್ರಶ್ನೆಗಳೆಲ್ಲ ಮೊದಲೇ ಪ್ರಕಟವಾದ ಸಂಗ್ರಹದಿಂದಲೇ ಬರುತ್ತವೆ, ಸಂಗ್ರಹ 4 ವರ್ಷಕ್ಕೊಮ್ಮೆ ಬದಲಾಗುತ್ತದೆ. ಹಳೆ ಪುಸ್ತಕ ಕೊಳ್ಳುವ ಮುಂಚೆ ಇಸವಿ ನೋಡಿ. ಮನೆಯಿಂದಲೇ ಕ್ಯಾಮೆರಾ ಮುಂದೆ ಬರೆಯಬಹುದು. ಒಂದೇ ಸಲಕ್ಕೆ ಟೆಕ್ನಿಷಿಯನ್, ಜನರಲ್ ಎರಡನ್ನೂ ಬರೆಯಿರಿ. ಬರೀ ಟೆಕ್ನಿಷಿಯನ್‌ಗೆ ದೂರದ ದೇಶಗಳಿಗೆ ಮುಟ್ಟುವ ಎಚ್‌ಎಫ್‌ನಲ್ಲಿ (ಶಾರ್ಟ್‌ವೇವ್) ಮಾತಾಡಲು ಸಿಗುವುದು 10 ಮೀಟರ್ ಬ್ಯಾಂಡಿನ 28.300ರಿಂದ 28.500 ಮೆಗಾಹರ್ಟ್ಸ್ ತುಣುಕು ಮಾತ್ರ. ಭಾರತ ಕೇಳಿಸಬೇಕೆಂದರೆ ಬೇಕಾದ 20 ಮೀಟರ್ ಬ್ಯಾಂಡಿನಲ್ಲಿ ಮಾತಾಡುವಂತಿಲ್ಲ. ಪಾಸಾದ ಮೇಲೆ ಎಫ್‌ಸಿಸಿಯಿಂದ ಇಮೇಲ್ ಬರುತ್ತದೆ, 10 ದಿನದೊಳಗೆ 35 ಡಾಲರ್ ಕಟ್ಟಬೇಕು. ಅದು ಸ್ಪ್ಯಾಮ್‌ನಲ್ಲಿ ಕೂತು ಅರ್ಜಿ ವಜಾ ಆಗುವುದುಂಟು. ಹಾಗಾದರೂ ಪರೀಕ್ಷೆ ಮತ್ತೆ ಬರೆಯಬೇಕಿಲ್ಲ, ಪಾಸಾದ ಪ್ರಮಾಣಪತ್ರ 365 ದಿನ ನಡೆಯುತ್ತದೆ.

ಹಳೆ ಅಭ್ಯಾಸವೊಂದನ್ನು ಬಿಡಬೇಕು. ಊರಿನಲ್ಲಿ 7.100 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಮೈಕ್ ಹಿಡಿದು ಕೂಗಿದ ಹಾಗೆ ಇಲ್ಲಿ ಕೂಗುವಂತಿಲ್ಲ. ಜನರಲ್ ದರ್ಜೆಯವರಿಗೆ 40 ಮೀಟರಿನಲ್ಲಿ ಧ್ವನಿ 7.175ರಿಂದ ಮೇಲೆ, 20 ಮೀಟರಿನಲ್ಲಿ 14.225ರಿಂದ ಮೇಲೆ.

ಈಗ ಸೆಟ್ಟು. ಭಾರತದಲ್ಲಿ ಟ್ರಾನ್ಸ್‌ಸೀವರ್ (ಕಳಿಸಲೂ ಕೇಳಲೂ ಬರುವ ಸೆಟ್ಟು) ಮನೆಯಲ್ಲಿಟ್ಟುಕೊಳ್ಳಲಿಕ್ಕೇ ಲೈಸೆನ್ಸ್ ಬೇಕು, ಇಲ್ಲಿ ಬೇಡ. ಹ್ಯಾಮ್‌ಫೆಸ್ಟ್ ಎಂಬ ಹ್ಯಾಮ್‌ಗಳ ಸಂತೆಗಳಲ್ಲಿ ಕಾರಿನ ಡಿಕ್ಕಿ ತೆಗೆದು ಮಾರುತ್ತಾರೆ. ಎಲ್ಲಕ್ಕಿಂತ ದೊಡ್ಡದು ಮೇ ತಿಂಗಳಲ್ಲಿ ಒಹಾಯೋದ ಜೀನಿಯಾದಲ್ಲಿ ಸೇರುವ ಡೇಟನ್ ಹ್ಯಾಮ್‌ವೆನ್ಷನ್. ತೀರಿಕೊಂಡ ಹ್ಯಾಮ್‌ಗಳ ಮನೆಯವರು ಮಾರುವ ಸೆಟ್ಟುಗಳೂ ಅಲ್ಲಿ ಬರುತ್ತವೆ. ಅವು ಚೊಕ್ಕಟವಾಗಿರುತ್ತವೆ, ಆದರೆ ವರ್ಷಗಟ್ಟಲೆ ಆನ್ ಆಗಿರುವುದಿಲ್ಲ.

ಹೋಗುವಾಗ ಕೈಯಲ್ಲಿ 100 ವಾಟ್ ತಡೆಯುವ 50 ಓಮ್ ಡಮ್ಮಿ ಲೋಡ್ (ಆಂಟೆನಾದ ಬದಲು ಪವರ್ ಹೀರಿಕೊಳ್ಳುವ ಸಾಧನ), ವಾಟ್ ಮೀಟರ್, ಎರಡು ತುಂಡು ಕೇಬಲ್ ಇರಲಿ. ರಿಸೀವ್ ಚೆನ್ನಾಗಿ ಕೇಳಿಸಿದ ಮಾತ್ರಕ್ಕೆ ಮರುಳಾಗಬೇಡಿ. ಮಾತಿಗೆ ಬಳಸುವ ಎಸ್‌ಎಸ್‌ಬಿ ಮೋಡಿನಲ್ಲಿ ಮಾತಾಡದೆ ಸುಮ್ಮನೆ ಮೈಕ್ ಒತ್ತಿದರೆ ಪವರ್ ಬರುವುದೇ ಇಲ್ಲ. ಸಿಡಬ್ಲ್ಯು (ಮೋರ್ಸ್), ಎಫ್‌ಎಂ ಅಥವಾ ಆರ್‌ಟಿಟಿವೈ (ಟೆಲಿಟೈಪ್) ಮೋಡಿನಲ್ಲಿಟ್ಟು ಒಂದೊಂದೇ ಬ್ಯಾಂಡಿನಲ್ಲಿ ಕೆಲವು ಸೆಕೆಂಡ್ ಒತ್ತಿ ನೋಡಿ. ಒಂದೇ ಬ್ಯಾಂಡಿನಲ್ಲಿ ಪವರ್ ಕುಸಿದರೆ ಫಿಲ್ಟರ್ ರಿಲೇ ಮೇಲೆ ಅನುಮಾನ, ಸರಿಪಡಿಸಬಹುದು. ಎಲ್ಲ ಬ್ಯಾಂಡಿನಲ್ಲೂ ಕುಸಿದಿದ್ದರೆ ಪವರ್ ಹೆಚ್ಚಿಸುವ ಫೈನಲ್ ಇಲ್ಲವೇ ಡ್ರೈವರ್ ಹಂತ ಕೆಟ್ಟಿದೆ, ಬಿಟ್ಟುಬಿಡಿ.

ಮಾಡೆಲ್‌ಗೊಂದು ಕಾಯಿಲೆ ಇದೆ. ಕೆನ್‌ವುಡ್ ಟಿಎಸ್-440ಎಸ್‌ನಲ್ಲಿ ಫ್ರೀಕ್ವೆನ್ಸಿ ಹುಟ್ಟಿಸುವ ವಿಸಿಒ ಭಾಗಕ್ಕೆ ಸುರಿದ ಅಂಟು ವರ್ಷ ಕಳೆದಂತೆ ವಿದ್ಯುತ್ ಹರಿಯಬಿಡುತ್ತದೆ, ಆ ಫ್ರೀಕ್ವೆನ್ಸಿಯನ್ನು ಹಿಡಿದಿಡುವ ಪಿಎಲ್‌ಎಲ್ ಲಾಕ್ ತಪ್ಪಿ ಡಿಸ್‌ಪ್ಲೇನಲ್ಲಿ ಬರೀ ಚುಕ್ಕಿ. ಐಕಾಮ್ ಐಸಿ-745, ಐಸಿ-751ರಲ್ಲಿ ಲಿಥಿಯಂ ಸೆಲ್ ಸತ್ತರೆ ರ‍್ಯಾಮ್‌ನಲ್ಲಿರುವ ಪ್ರೋಗ್ರಾಮೇ ಅಳಿದು ಸೆಟ್ಟು ಮಂಕಾಗಿ ಕೂರುತ್ತದೆ. ಸೆಲ್ ಯಾವಾಗ ಬದಲಿಸಿದ್ದು ಎಂದು ಕೇಳಿ. ಯಾಯೇಸು (Yaesu) ಎಫ್‌ಟಿ-857ಡಿಯ ಎಲ್‌ಸಿಡಿಯಲ್ಲಿ ಗೆರೆ ಮೂಡಿದ್ದರೆ ಮುಂದೆ ಅದು ಹೆಚ್ಚುತ್ತದೆಯೇ ಹೊರತು ಹೋಗುವುದಿಲ್ಲ. ವಾಲ್ವ್ ಇರುವ ಟಿಎಸ್-520 ಚಂದದ ಸೆಟ್ಟು, ಆದರೆ ಮತ್ತೆ ಶುರು ಮಾಡುವವರಿಗೆ ಬೇಡ: ಒಳಗೆ ಪ್ರಾಣಕ್ಕೇ ಅಪಾಯವಾಗುವ ವೋಲ್ಟೇಜ್, ತೂಕ 16 ಕಿಲೋ, ಪಾರ್ಸೆಲ್‌ನಲ್ಲಿ ಬಂದರೆ ಮೂಲೆ ಬಗ್ಗಿ ಬರುತ್ತದೆ. ಐಸಿ-718 ಅಥವಾ 2016ರಿಂದೀಚಿನ ಐಸಿ-7300 ಹಿಡಿದರೆ ತಲೆನೋವು ಕಡಿಮೆ. ಮೈಕ್ ಜೊತೆಗೇ ಕೇಳಿ ಪಡೆಯಿರಿ. ಮೂರೂ ಕಂಪನಿಗಳ 8 ಪಿನ್‌ನ ದುಂಡು ಪ್ಲಗ್ ಒಂದರಲ್ಲೊಂದು ಕೂರುತ್ತವೆ, ವೈರಿಂಗ್ ಮಾತ್ರ ಬೇರೆ ಬೇರೆ.

100 ವಾಟ್ ಸೆಟ್ಟಿಗೆ 13.8 ವೋಲ್ಟ್, ಸುಮಾರು 20 ಆಂಪಿಯರ್ ಬೇಕು. ಹಳೆಯ ಆಸ್ಟ್ರಾನ್ ಆರ್‌ಎಸ್-35ಎ ಪವರ್ ಸಪ್ಲೈ ಸಿಕ್ಕಿದರೆ ಒಳ್ಳೆಯದು; 35 ಅನ್ನುವುದು ಗರಿಷ್ಠ, ಸತತವಾಗಿ 25 ಆಂಪಿಯರ್. ಯಾವುದೇ ಹಳೆ ಸಪ್ಲೈಯನ್ನು ನೇರವಾಗಿ ರೇಡಿಯೋಗೆ ಕೊಡಬೇಡಿ. ಒಳಗಿನ ಪಾಸ್ ಟ್ರಾನ್ಸಿಸ್ಟರ್ ಶಾರ್ಟ್ ಆಗಿದ್ದರೆ 20 ವೋಲ್ಟ್ ದಾಟಿ ಹರಿದು ಸೆಟ್ಟೇ ಸುಟ್ಟುಹೋದೀತು. ಮೊದಲು ಕಾರಿನ 55 ವಾಟ್ ಹೆಡ್‌ಲೈಟ್ ಬಲ್ಬ್ ಹಚ್ಚಿ, ಮೀಟರಿನಲ್ಲಿ 13.8 ಅಲ್ಲಾಡದೆ ನಿಲ್ಲುತ್ತದೆಯೇ ನೋಡಿ.

ದೂರದಿಂದ ತರಿಸುವುದಾದರೆ ಅಂದಿನ ತಾರೀಕು, ಮಾರುವವರ ಕಾಲ್‌ಸೈನ್ ಬರೆದ ಚೀಟಿಯನ್ನು ಸೆಟ್ಟಿನ ಮೇಲಿಟ್ಟು ಫೋಟೋ ಕಳಿಸಲು ಹೇಳಿ. ಕಾಲ್‌ಸೈನ್ ಹೆಸರಿನಲ್ಲೇ ಖಾತೆ ಕದ್ದು ಮೋಸ ಮಾಡುವವರಿದ್ದಾರೆ. ಬ್ಯಾಂಕಿನಿಂದ ಬ್ಯಾಂಕಿಗೆ ನೇರ ಹೋಗುವ ಜೆಲ್‌ನಲ್ಲಿ (Zelle) ಹಾಕಿದ ದುಡ್ಡು ವಾಪಸು ಬರುವುದಿಲ್ಲ. ಪೇಪ್ಯಾಲ್‌ನಲ್ಲಿ ಸರಕು ಖರೀದಿ ಎಂದೇ ಹಾಕಿ. ಸೆಟ್ಟಿನಿಂದ ಆಂಟೆನಾಗೆ ಹೋಗುವ ಕೋಆಕ್ಸ್ ಕೇಬಲ್ ಬಳಸಿದ್ದು ಮಾತ್ರ ಎಷ್ಟೇ ಅಗ್ಗವಾಗಿದ್ದರೂ ಬೇಡ. ತುದಿ ಕತ್ತರಿಸಿ ನೋಡಿದರೆ ಎಷ್ಟೋ ಸಲ ಒಳಗಿನ ತಾಮ್ರದ ಹೆಣಿಗೆ ಕಪ್ಪಾಗಿರುತ್ತದೆ, ನೀರು ಹೊಕ್ಕ ಗುರುತು. ಅದನ್ನು ಹೊಸದಾಗಿಯೇ ತನ್ನಿ.