ಆಮ್ಲಜನಕ ಎಂಬ ಹೆಸರು

ಒಂಬತ್ತನೇ ತರಗತಿಯಲ್ಲಿ ನಾನು ಕೇಳಿದ ಒಂದು ಪ್ರಶ್ನೆಗಾಗಿ ನಮ್ಮ ರಸಾಯನಶಾಸ್ತ್ರದ ಮೇಷ್ಟ್ರು ಅಂದಿನ ಪಾಠವನ್ನೇ ಪಕ್ಕಕ್ಕಿಟ್ಟರು.

"ಸಾರ್, ಆಮ್ಲಜನಕ ಅಂದ್ರೆ ಆಮ್ಲ ಹುಟ್ಟಿಸುವುದು ಅಂತ ತಾನೇ? ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದು ಎಲ್ಲಿದೆ?"

ಬೋರ್ಡಿನ ಮೇಲಿದ್ದದ್ದು ಒಂದು ಹೈಡ್ರೋಜನ್, ಒಂದು ಕ್ಲೋರಿನ್, ಅಷ್ಟೇ.

"ಇಲ್ಲ. ಹೆಸರಿಟ್ಟವರ ಊಹೆ ತಪ್ಪಾಗಿತ್ತು" ಅಂದರು. ಪುಸ್ತಕದಲ್ಲಿ ಅಚ್ಚಾದ ಪದದೊಳಗೇ ಒಂದು ತಪ್ಪು ಕೂತಿದೆ ಎಂದು ಯಾರಾದರೂ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮರುದಿನ ಅವರು, ಉರಿಯುವುದರ ಬಗ್ಗೆ ಹಿಂದೆ ಇದ್ದ ಫ್ಲಾಜಿಸ್ಟನ್ ಎಂಬ ಕಲ್ಪನೆಯನ್ನು ನಂಬುವವರಂತೆ ಪಾಠ ಮಾಡಿದರು. ಕಟ್ಟಿಗೆ ಉರಿದರೆ ಬೂದಿ ಉಳಿಯುತ್ತದೆ. ಬೂದಿ ಹಗುರ. ಹಾಗಾದರೆ ಉರಿಯುವಾಗ ಏನೋ ಹೊರಟುಹೋಯಿತು, ಅಲ್ವಾ? ಆ ವಸ್ತುವೇ ಫ್ಲಾಜಿಸ್ಟನ್. ಮುಚ್ಚಿದ ಗಾಜಿನೊಳಗೆ ದೀಪ ಯಾಕೆ ಆರುತ್ತದೆ? ಅಲ್ಲಿನ ಗಾಳಿಯಲ್ಲಿ ಫ್ಲಾಜಿಸ್ಟನ್ ತುಂಬಿಹೋಗಿದೆ, ಇನ್ನು ಜಾಗವಿಲ್ಲ. ಇದನ್ನು ತಪ್ಪು ಎಂದು ತೋರಿಸಿ ಎಂದರು. ಇಡೀ ಪೀರಿಯಡ್ ಒದ್ದಾಡಿದೆವು. ಯಾರಿಂದಲೂ ಆಗಲಿಲ್ಲ. ಹಳೆಯ ಕಾಲದವರು ದಡ್ಡರಲ್ಲ ಎಂದು ನನಗೆ ಗೊತ್ತಾದದ್ದು ಆ ಪೀರಿಯಡ್‌ನಲ್ಲಿ.

ಆಮೇಲೆ ತಕ್ಕಡಿ ಬಂತು. ಮೆಗ್ನೀಸಿಯಂ ಸುಟ್ಟು ತೂಗಿದೆವು. ತೂಕ ಜಾಸ್ತಿಯಾಗಿತ್ತು! "ಫ್ಲಾಜಿಸ್ಟನ್ ತೂಕ ಮೈನಸ್ ಇರಬಹುದು ಸಾರ್" ಎಂದ ಹಿಂದಿನ ಬೆಂಚಿನ ಗೆಳೆಯ. ಮೇಷ್ಟ್ರಿಗೆ ಬಹಳ ಖುಷಿ. 18ನೇ ಶತಮಾನದಲ್ಲಿ ಕೆಲವರು ನಿಜಕ್ಕೂ ಹಾಗೆ ವಾದಿಸಿದ್ದರಂತೆ.

1774ರಲ್ಲಿ ಜೋಸೆಫ್ ಪ್ರೀಸ್ಟ್ಲಿ ಪಾದರಸದ ಕೆಂಪು ಭಸ್ಮವನ್ನು ಕಾಯಿಸಿ ಹೊಸ ಅನಿಲ ಪಡೆದರು. ಅದರಲ್ಲಿ ದೀಪ ಚೆನ್ನಾಗಿ ಉರಿಯಿತು. ಹಾಗಾಗಿ ಅವರ ಲೆಕ್ಕದಲ್ಲಿ ಅದು ಫ್ಲಾಜಿಸ್ಟನ್ ಇಲ್ಲದ ಗಾಳಿ. 1804ರಲ್ಲಿ ಸಾಯುವವರೆಗೂ ಆ ನಂಬಿಕೆ ಬಿಡಲಿಲ್ಲ. ಅದೇ ಅನಿಲ ಫ್ರೆಂಚ್ ರಸಾಯನಶಾಸ್ತ್ರಜ್ಞ ಲಾವೋಸಿಯೆ ಕೈಯಲ್ಲಿ ಒಂದು ಮೂಲವಸ್ತುವಾಯಿತು. ಉರಿಯುವುದೆಂದರೆ ಏನೋ ಹೋಗುವುದಲ್ಲ, ಇದು ಬಂದು ಸೇರುವುದು ಎಂದರು. ಗಂಧಕ, ರಂಜಕ ಸುಟ್ಟು ನೀರಿಗೆ ಸೇರಿಸಿದರೆ ಆಮ್ಲ ಸಿಗುತ್ತಿತ್ತು. ಅದಕ್ಕೇ ಆಮ್ಲ ಹುಟ್ಟಿಸುವುದು ಎಂಬ ಅರ್ಥದ ಹೆಸರಿಟ್ಟರು. 1810ರಲ್ಲಿ ಹಂಫ್ರಿ ಡೇವಿ ಕ್ಲೋರಿನ್ ಒಂದು ಮೂಲವಸ್ತು, ಅದರ ಆಮ್ಲದಲ್ಲಿ ಆಮ್ಲಜನಕ ಇಲ್ಲ ಎಂದರು. ಹೆಸರು ಮಾತ್ರ ಉಳಿಯಿತು, ನಮ್ಮ ಭಾಷೆಗೂ ಹಾಗೇ ಬಂತು.

ಹಾಗಾದರೆ ಆಮ್ಲ ಅಂದರೇನು? 1880ರ ದಶಕದಲ್ಲಿ ಆರೇನಿಯಸ್ ಹೇಳಿದ್ದು: ನೀರಿನಲ್ಲಿ ಹೈಡ್ರೋಜನ್ ಅಯಾನು ಬಿಡುವುದು. ಪರೀಕ್ಷೆಗೆ ನಾವು ಬರೆದದ್ದೂ ಅದನ್ನೇ.

ಮುಂದೆ ಓದಲು ಹೋದ ಕಡೆ "ಸ್ಕೂಲಿನಲ್ಲಿ ಕಲಿತದ್ದನ್ನು ಮರೆತುಬಿಡಿ" ಎಂದೇ ಪಾಠ ಶುರುವಾಯಿತು. ನನಗೆ ಆ ಮಾತು ಇವತ್ತಿಗೂ ಹಿಡಿಸಿಲ್ಲ. ಆರೇನಿಯಸ್ ಹೇಳಿದ್ದು ನೀರಿನ ಮಟ್ಟಿಗೆ ಈಗಲೂ ಕೆಲಸಕ್ಕೆ ಬರುತ್ತದೆ. ಸುಮ್ನೆ ಮರೆಯುವುದು ಯಾಕೆ? ಅದು ಎಲ್ಲಿವರೆಗೆ ನಡೆಯುತ್ತದೆ ಎಂದು ತಿಳಿದರೆ ಸಾಲದೇ? ನಮ್ಮ ಮೇಷ್ಟ್ರು ಅದನ್ನು ಮೊದಲೇ ತೋರಿಸಿದ್ದರು.

ಪ್ರಯೋಗಾಲಯದಲ್ಲಿ ಅಮೋನಿಯಾ ಬಾಟಲಿ ಒಂದು ಕೈಯಲ್ಲಿ, ಹೈಡ್ರೋಕ್ಲೋರಿಕ್ ಆಮ್ಲದ ಬಾಟಲಿ ಇನ್ನೊಂದು ಕೈಯಲ್ಲಿ. ಮುಚ್ಚಳ ತೆಗೆದು ಎರಡರ ಬಾಯಿ ಹತ್ತಿರ ತಂದರು. ನಡುವೆ ದಟ್ಟ ಬಿಳಿ ಹೊಗೆ ಎದ್ದಿತು. ಎರಡು ಅನಿಲ ಗಾಳಿಯಲ್ಲೇ ಸೇರಿ ಲವಣದ ಪುಡಿಯಾಗಿದೆ ಎಂದರು. ನೀರಿನ ಮಾತೇ ಇಲ್ಲ. ಇದಕ್ಕೆ ಬೇರೆ ವಿವರಣೆ ಬೇಕಿತ್ತು. 1923ರಲ್ಲಿ ಬ್ರಾನ್‌ಸ್ಟೆಡ್ ಮತ್ತು ಲೌರಿ, ಇಬ್ಬರೂ ಬೇರೆಬೇರೆಯಾಗಿ, ಪ್ರೋಟಾನ್, ಅಂದರೆ ಅದೇ ಹೈಡ್ರೋಜನ್ ಅಯಾನು, ಕೊಡುವುದೇ ಆಮ್ಲ ಎಂದರು. ಅದೇ ವರ್ಷ ಲೂಯಿಸ್ ಎಲೆಕ್ಟ್ರಾನ್ ಜೋಡಿ ತೆಗೆದುಕೊಳ್ಳುವುದು ಆಮ್ಲ ಎಂದರು. ಹೈಡ್ರೋಜನ್ನೇ ಇಲ್ಲದ ಬೋರಾನ್ ಟ್ರೈಫ್ಲೋರೈಡ್ ಕೂಡ ಆಮ್ಲವಾಯಿತು!

"ಯಾವುದು ಸರಿ ಸಾರ್?" ಎಂದೆ.

"ನಿನ್ನ ಮುಂದೆ ಏನಿದೆ, ಅದನ್ನು ನೋಡಿ ಹೇಳು" ಎನ್ನುತ್ತಾ ಬಾಟಲಿಗಳಿಗೆ ಮುಚ್ಚಳ ಹಾಕಿದರು. ಹೊಗೆ ಇನ್ನೂ ಮೇಜಿನ ಮೇಲೆ ಹರಡುತ್ತಿತ್ತು.