ಸಿಯೆನಾದ ಬಿಳಿ ದಾರಿಗಳಲ್ಲಿ ಸೈಕಲ್

ಸಿಯೆನಾ ಪಟ್ಟಣದಿಂದ ರೋಮ್ ಕಡೆಗೆ ಹೋಗುವ ಕಾಸ್ಸಿಯಾ ಎಂಬ ಹಳೆಯ ಹೆದ್ದಾರಿ ಅರ್ಬಿಯಾ ಹೊಳೆಯ ಬಯಲನ್ನು ಹಿಡಿದು ದಕ್ಷಿಣಕ್ಕೆ ಸಾಗುತ್ತದೆ. ಇಟಲಿಗೆ ಬಂದ ಮೊದಲ ವರ್ಷ, ಏರು ತಪ್ಪಿದರೆ ಸಾಕೆಂದುಕೊಂಡು ಆ ದಾರಿಯಲ್ಲೇ ಬುವೊನ್‌ಕೊನ್ವೆಂತೊ ಎಂಬ ಊರಿನವರೆಗೆ ಸೈಕಲ್ ತುಳಿದಿದ್ದೆ. ಕಾಲಿಗೆ ಆಯಾಸವೇನೂ ಆಗಲಿಲ್ಲ. ಆದರೆ ಬೆನ್ನ ಹಿಂದಿನಿಂದ ಬಂದ ಒಂದೊಂದು ಲಾರಿಯೂ ಗಾಳಿ ಬೀಸಿ ನನ್ನನ್ನು ರಸ್ತೆಯಂಚಿಗೆ ತಳ್ಳುತ್ತಿದ್ದುದರಿಂದ ಊರು ಮುಟ್ಟುವ ಹೊತ್ತಿಗೆ ಹ್ಯಾಂಡಲ್ ಹಿಡಿದ ಬೆರಳುಗಳು ಬಿಡಿಸಲಾಗದಷ್ಟು ಸೆಟೆದುಕೊಂಡಿದ್ದವು. ಅದೇ ಊರಿಗೆ ದಿಬ್ಬಗಳ ನೆತ್ತಿಯ ಮೇಲಿಂದ ಇನ್ನೊಂದು ದಾರಿಯಿದೆಯೆಂದು ತಿಳಿದದ್ದು ಆಮೇಲೆ. ಅದು ಹೆಚ್ಚುಕಡಿಮೆ ಎರಡರಷ್ಟು ಉದ್ದ, ಉದ್ದಕ್ಕೂ ಏರಿಳಿತ, ವಾಹನಗಳು ಮಾತ್ರ ಅಪರೂಪ. ಐದು ವರ್ಷಗಳಿಂದ ನಾನು ಆ ದಾರಿಯನ್ನೇ ಮತ್ತೆ ಮತ್ತೆ ತುಳಿಯುತ್ತಿದ್ದೇನೆ.

ಸಿಯೆನಾದ ಆಗ್ನೇಯಕ್ಕಿರುವ ಈ ಸೀಮೆಗೆ ಕ್ರೇತೆ ಸೆನೇಸಿ ಎಂದು ಹೆಸರು. ಕ್ರೇತೆ ಎಂದರೆ ಜೇಡಿಮಣ್ಣು. ಸುಮಾರು 25ರಿಂದ 50 ಲಕ್ಷ ವರ್ಷಗಳ ಹಿಂದೆ ಇಲ್ಲಿ ಕಡಲಿತ್ತು. ಅದರ ತಳದಲ್ಲಿ ಕೂತ ಬೂದು ಜೇಡಿಯೇ ಇಂದು ದಿಬ್ಬವಾಗಿ ನಿಂತಿದೆ, ಉತ್ತ ಹೊಲದಲ್ಲಿ ಕಪ್ಪೆಚಿಪ್ಪು ಸಿಗುವುದೂ ಉಂಟು. ಈ ಮಣ್ಣಿನ ಇಳಿಜಾರು ಮಳೆಗೆ ಕುಸಿಯುತ್ತದೆ, ಕೊರಕಲು ಬೀಳುತ್ತದೆ. ಹೀಗಾಗಿ ಹಿಂದಿನವರು ಮನೆಯನ್ನೂ ದಾರಿಯನ್ನೂ ದಿಬ್ಬದ ಬೆನ್ನ ಮೇಲೇ ಕಟ್ಟಿಕೊಂಡರು. ಸೈಕಲ್ಲಿನವನ ಪಾಲಿಗೆ ಇದರ ಪರಿಣಾಮವೆಂದರೆ, ಎಡಕ್ಕೂ ಬಲಕ್ಕೂ ದೃಷ್ಟಿ ಹರಿಯುವಷ್ಟು ದೂರ ಬಯಲು ಕಾಣುತ್ತದೆ, ದಕ್ಷಿಣದಲ್ಲಿ 1738 ಮೀಟರ್ ಎತ್ತರದ ಅಮಿಯಾತಾ ಬೆಟ್ಟ ಇಡೀ ದಿನ ಜೊತೆಗಿರುತ್ತದೆ, ಆದರೆ ಸಮತಟ್ಟು ಎಂಬುದು ಎಲ್ಲಿಯೂ ಸಿಗುವುದಿಲ್ಲ. ಒಂದೇ ಒಂದು ಏರನ್ನು ನೋಡಿದರೆ ಇಷ್ಟೇ ತಾನೇ ಎನ್ನಿಸುತ್ತದೆ. ಏರಿದ್ದನ್ನೆಲ್ಲ ಇಳಿದು ಮತ್ತೆ ಅಷ್ಟನ್ನೇ ಏರುವುದು ಹತ್ತು ಸಲವಾದಾಗ 50 ಕಿಲೋಮೀಟರಿಗೆ ಇಡೀ ದಿನ ಬೇಕೆಂಬುದು ಅರ್ಥವಾಗುತ್ತದೆ. ನಕ್ಷೆಯಲ್ಲಿ ದೂರವನ್ನಷ್ಟೇ ನೋಡಿ ಹೊರಡುವವರು ಮಧ್ಯಾಹ್ನದ ಹೊತ್ತಿಗೆ ಸೈಕಲ್ಲನ್ನು ತಳ್ಳುತ್ತಿರುತ್ತಾರೆ. ಮೊದಲ ಸಲ ನಾನೂ ತಳ್ಳಿದ್ದೆ.

ಸಿಯೆನಾದಿಂದ ತವೆರ್ನೆ ದಾರ್ಬಿಯಾ ದಾಟಿದರೆ ಲೌರೆತಾನಾ ಎಂಬ ಡಾಂಬರು ರಸ್ತೆ ದಿಬ್ಬವನ್ನೇರಿ ಅಶಾನೊ ಊರಿನತ್ತ ಹೋಗುತ್ತದೆ. ಹೊಸಬರಿಗೆ ನಾನು ಹೇಳುವುದು ಇದನ್ನೇ. ಆದರೆ ಕಾಲಿನಲ್ಲಿ ಕಸುವಿದ್ದರೆ ಬಿಡಬಾರದ ದಾರಿ ಅದರ ಉತ್ತರಕ್ಕಿರುವ ಮೊಂತೆ ಸಾಂತೆ ಮರೀಯೆ: ಅಶಾನೊಗೆ ಸೇರುವ 11.5 ಕಿಲೋಮೀಟರ್ ಉದ್ದದ ಗರಸಿನ ದಾರಿ. ಬಿಸಿಲಿಗೆ ಕಣ್ಣು ಕುಕ್ಕುವಷ್ಟು ಬೆಳ್ಳಗಿರುವ ಇಂಥ ದಾರಿಗಳನ್ನು ಇಲ್ಲಿಯವರು ‘ಸ್ತ್ರಾದೆ ಬಿಯಾಂಕೆ’, ಅಂದರೆ ಬಿಳಿ ದಾರಿಗಳು ಎನ್ನುತ್ತಾರೆ. 2007ರಿಂದ ಈ ದಾರಿಗಳ ಮೇಲೆ ವೃತ್ತಿಪರರ ಸೈಕಲ್ ಪಂದ್ಯ ನಡೆಯುತ್ತಿದೆ, ಅದು ಮುಗಿಯುವುದು ಸಿಯೆನಾದ ದೊಡ್ಡ ಚೌಕದಲ್ಲಿ. ಆ ಪಂದ್ಯವನ್ನು ಮೂರು ಬಾರಿ ಗೆದ್ದ ಸ್ವಿಟ್ಜರ್ಲೆಂಡಿನ ಫ್ಯಾಬಿಯನ್ ಕಾನ್ಸೆಲ್ಲಾರಾನ ಹೆಸರಿನ ಕಲ್ಲೊಂದು ಸಾಂತೆ ಮರೀಯೆ ದಾರಿಯಲ್ಲಿದೆ. ದಮ್ಮು ಹತ್ತಿ ನಿಂತವರೆಲ್ಲ ಅದನ್ನು ಓದುವ ನೆವ ಮಾಡುತ್ತಾರೆ.

ಈ ದಾರಿಗಳಿಗೆ ಡಾಂಬರು ಬೀಳದಿರಲು ಹಣದ ಕೊರತೆಯೊಂದೇ ಕಾರಣವಲ್ಲ. 1997ರಲ್ಲಿ ಜಾನ್‌ಕಾರ್ಲೊ ಬ್ರೊಕ್ಕಿ ಎಂಬವರು ಗಾಯೊಲೆ ಇನ್ ಕಿಯಾಂತಿ ಎಂಬ ಊರಿನಲ್ಲಿ ‘ಲೆರೊಯಿಕಾ’ ಎಂಬ ಸವಾರಿಯನ್ನು ಆರಂಭಿಸಿದರು. ಹಳೆಯ ಕಾಲದ ಅಥವಾ ಅದೇ ಮಾದರಿಯ ಸೈಕಲ್, ಉಡುಗೆ ಇದ್ದವರಿಗಷ್ಟೇ ಪ್ರವೇಶವಿರುವ ಈ ಸವಾರಿಯ ಹಿಂದೆ, ಉಳಿದಿರುವ ಬಿಳಿ ದಾರಿಗಳನ್ನಾದರೂ ಉಳಿಸಿಕೊಳ್ಳಬೇಕೆಂಬ ಹಟವಿತ್ತು. ಅದರ 209 ಕಿಲೋಮೀಟರಿನ ಸುತ್ತುದಾರಿಗೆ ಈಗ ಕಂದು ಬಣ್ಣದ ಫಲಕಗಳನ್ನು ನೆಟ್ಟಿದ್ದಾರೆ, ವರ್ಷದ ಯಾವ ದಿನವಾದರೂ ಅವುಗಳ ಬೆನ್ನು ಹಿಡಿದು ಹೋಗಬಹುದು. ಪ್ರತಿ ಚುನಾವಣೆಯಲ್ಲೂ ಡಾಂಬರು ರಸ್ತೆಯನ್ನೇ ಕೇಳುವ ಊರಿನಿಂದ ಬಂದ ನನಗೆ ಇದು ಉಂಡವರ ಹವ್ಯಾಸವೆಂದು ಮೊದಮೊದಲು ತೋರಿತ್ತು. ಅಶಾನೊ ಊರಿನ ಕಾಫಿ ಅಂಗಡಿಯಲ್ಲಿ ಹಿರಿಯರೊಬ್ಬರ ಬಳಿ ಈ ಮಾತೆತ್ತಿದಾಗ ಅವರು, “ನೀವು ವರ್ಷಕ್ಕೆ ನಾಲ್ಕು ಸಲ ಬರುತ್ತೀರಿ, ಬೇಸಿಗೆಯಲ್ಲಿ ಒಗೆದ ಬಟ್ಟೆಯನ್ನು ಎಲ್ಲಿ ಒಣಹಾಕಬೇಕೆಂದು ನನ್ನ ಹೆಂಡತಿಯನ್ನು ಕೇಳಿ ನೋಡಿ” ಎಂದು ನಕ್ಕರು. ಆ ಧೂಳಿನ ಲೆಕ್ಕ ಫಲಕಗಳ ಮೇಲೆ ಇರುವುದಿಲ್ಲ.

ದಾರಿಯ ನಿಶ್ಶಬ್ದಕ್ಕೆ ಇನ್ನೂ ಹಳೆಯದೊಂದು ಕಾರಣವಿದೆ. ದಿಬ್ಬಕ್ಕೊಂದರಂತೆ ಕಾಣುವ ಕಲ್ಲು, ಇಟ್ಟಿಗೆಯ ಒಂಟಿ ಮನೆಗಳಲ್ಲಿ ಹಿಂದೆ ಇದ್ದವರು ಕೋರಿಗೆ ಹೊಲ ಮಾಡುತ್ತಿದ್ದ ರೈತರು. ಮೆದ್ಜಾದ್ರಿಯಾ ಎಂಬ ಆ ಪದ್ಧತಿಯಲ್ಲಿ ಮನೆ, ಹೊಲ ಒಡೆಯನವು. ಬೆಳೆಯಲ್ಲಿ ಅರ್ಧ ಅವನಿಗೆ, ಅರ್ಧ ಉತ್ತವನಿಗೆ. ಬಿಳಿ ದಾರಿಗಳಲ್ಲಿ ಹೆಚ್ಚಿನವು ಈ ಮನೆಗಳನ್ನು ಊರಿಗೂ ಗಿರಣಿಗೂ ಜೋಡಿಸಲು ಹುಟ್ಟಿದವು. 1950, 60ರ ದಶಕಗಳಲ್ಲಿ ಮಕ್ಕಳು ಕಾರ್ಖಾನೆಗಳ ಕಡೆ ಹೊರಟರು, ಮನೆಗಳು ಖಾಲಿಯಾದವು. 1964ರ ಕಾನೂನು ಹೊಸ ಕೋರಿನ ಕರಾರುಗಳನ್ನು ನಿಷೇಧಿಸುವ ಹೊತ್ತಿಗೆ ಬಹಳಷ್ಟು ಒಕ್ಕಲುಗಳು ಹೋಗಿಯಾಗಿತ್ತು. ನಮ್ಮಲ್ಲಿ 1974ರ ಭೂಸುಧಾರಣೆ ಬಂದಾಗ ಗೇಣಿದಾರ ಹೊಲದಲ್ಲೇ ಇದ್ದ, ಅರ್ಜಿ ಹಾಕಿ ಹೊಲ ಪಡೆದ. ನಮ್ಮ ಮನೆಯ ಮೂರೆಕರೆ ಬಂದದ್ದೂ ಹಾಗೆಯೇ. ಇಲ್ಲಿ ತೆರವಾದ ಭೂಮಿಗೆ ಸಾರ್ಡಿನಿಯಾ ದ್ವೀಪದಿಂದ ಕುರಿಗಾಹಿಗಳು ಬಂದು ನೆಲೆಸಿದರು. ಈ ಸೀಮೆಯ ಹೆಸರಾಂತ ಕುರಿಹಾಲಿನ ಚೀಸ್, ಪೆಕೊರೀನೊ, ಇಂದಿಗೂ ಬಹುಮಟ್ಟಿಗೆ ಆ ಮನೆತನಗಳ ಕೈಯಲ್ಲಿದೆ. ಕೆಲವು ಒಂಟಿ ಮನೆಗಳು ಈಗ ಅತಿಥಿಗಳಿಗೆ ಬಾಡಿಗೆ ಕೊಡುವ ಆಗ್ರಿತುರಿಜ್ಮೊಗಳಾಗಿವೆ, ಕೆಲವಕ್ಕೆ ಮಾಡು ಕುಸಿದಿದೆ.

ಕುರಿಯಿದ್ದಲ್ಲಿ ನಾಯಿಯಿರುತ್ತದೆ. ಮರೆಮ್ಮಾನೊ ಎಂಬ ದೊಡ್ಡ ಬಿಳಿ ನಾಯಿಗಳು ತೋಳದಿಂದ ಹಿಂಡನ್ನು ಕಾಯುವಂಥವು. ಸೈಕಲ್ಲಿನ ವೇಗವೇ ಅವಕ್ಕೆ ಸಿಟ್ಟು ಬರಿಸುತ್ತದೆ. ಇಳಿದು, ಸೈಕಲ್ಲನ್ನು ನಾಯಿಗೂ ನಮಗೂ ನಡುವೆ ಇಟ್ಟುಕೊಂಡು, ಅದರ ಕಣ್ಣನ್ನೇ ದಿಟ್ಟಿಸದೆ ನಡೆದು ಹೋದರೆ ಸ್ವಲ್ಪ ದೂರ ಬೊಗಳಿ ಹಿಂತಿರುಗುತ್ತದೆ. ಆ ಸ್ವಲ್ಪ ದೂರ ಬಹಳ ದೂರವೆನ್ನಿಸುವುದು ಬೇರೆ ಮಾತು.

ಹೊರಡುವವರಿಗೆ ಏಪ್ರಿಲ್, ಮೇ ಅಥವಾ ಸೆಪ್ಟೆಂಬರ್, ಅಕ್ಟೋಬರ್ ಒಳ್ಳೆಯದು. ಮೇ ತಿಂಗಳಲ್ಲಿ ಗೋಧಿ ಹಸಿರು. ಜುಲೈ ಹೊತ್ತಿಗೆ ಕೊಯ್ಲು ಮುಗಿದು ಬರೀ ಕೂಳೆ, ಮೇಲೆ ನೆರಳಿಲ್ಲದ ಬಿಸಿಲು. ಟೈರು 35 ಮಿಲಿಮೀಟರಿಗಿಂತ ಕಿರಿದಾಗಿದ್ದರೆ ಗರಸಿನಲ್ಲಿ ಜಾರುತ್ತದೆ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಹಳ್ಳಿಯ ಅಂಗಡಿಗಳು ಮುಚ್ಚಿರುವುದರಿಂದ ರೊಟ್ಟಿ, ಚೀಸ್, ಹಣ್ಣುಗಳನ್ನು ಹನ್ನೆರಡರೊಳಗೆ ಕೊಂಡುಬಿಡಬೇಕು. ಸಿಯೆನಾ ಇರುವ ತೊಸ್ಕಾನಾ ಪ್ರಾಂತ್ಯದ ರೊಟ್ಟಿಗೆ ಉಪ್ಪೇ ಹಾಕುವುದಿಲ್ಲ. ನಾನಂತೂ ಚೀಲದಲ್ಲಿ ಶೇಂಗಾ ಚಟ್ನಿಪುಡಿಯ ಡಬ್ಬಿಯಿಲ್ಲದೆ ಹೊರಡುವುದಿಲ್ಲ. ಬಿಸಿ ಊಟ ಸಿಗುವಲ್ಲಿ ‘ಪೀಚಿ’ ಕೇಳಿ. ಹಿಟ್ಟು ಮತ್ತು ನೀರಿನ ಕಣಕವನ್ನು ಕೈಯಲ್ಲಿ ಹೊಸೆದು ಮಾಡುವ ದಪ್ಪ ಶಾವಿಗೆಯದು. ಬೆಳ್ಳುಳ್ಳಿ, ಟೊಮೆಟೊದ ಗೊಜ್ಜಿನೊಡನೆ ಕೊಡುವ ಬಗೆಯಲ್ಲಿ ಮಾಂಸವಿರುವುದಿಲ್ಲ.

ಕಳೆದ ಅಕ್ಟೋಬರಿನಲ್ಲಿ ಸಾಂತೆ ಮರೀಯೆಯ ನಡುವೆ ಮಳೆ ಹಿಡಿಯಿತು. ಅರ್ಧ ಗಂಟೆಯಲ್ಲಿ ಬಿಳಿ ಧೂಳು ಅಂಟಾಗಿ, ಟೈರಿಗೆ ಮೆತ್ತಿ, ಮಡ್‌ಗಾರ್ಡಿನೊಳಗೆ ತುಂಬಿ, ಹಿಂದಿನ ಗಾಲಿ ತಿರುಗುವುದನ್ನೇ ನಿಲ್ಲಿಸಿತು. ನರಗುಂದದ ಎರೆ ಹೊಲದಲ್ಲಿ ಮುಂಗಾರಿನ ದಿನ ಚಕ್ಕಡಿ ಹೂತಾಗ ಅಪ್ಪ ಕಟ್ಟಿಗೆಯ ಚೂರಿನಿಂದ ಗಾಲಿಯ ರಾಡಿ ಕೆರೆಯುತ್ತಿದ್ದುದು ನೆನಪಾಗಿ, ಬೇಲಿಯಿಂದ ಒಂದು ಕಡ್ಡಿ ಮುರಿದು ಹಾಗೆಯೇ ಕೆರೆದೆ. ನೂರು ಮೀಟರ್ ಹೋಗುವಷ್ಟರಲ್ಲಿ ಮತ್ತೆ ತುಂಬಿತು. ಕೊನೆಗೆ ಮಡ್‌ಗಾರ್ಡುಗಳನ್ನೇ ಬಿಚ್ಚಿ ಕ್ಯಾರಿಯರಿಗೆ ಕಟ್ಟಿಕೊಂಡು, ಅಂಚಿನ ಹುಲ್ಲಿನ ಮೇಲೆ ಸೈಕಲ್ ನಡೆಸುತ್ತ ಅಶಾನೊ ತಲುಪಿದಾಗ ಸಂಜೆಯಾಗಿತ್ತು. 1313ರಲ್ಲಿ ಸ್ಥಾಪನೆಯಾದ ಮೊಂತೆ ಒಲಿವೇತೊ ಮಜ್ಜೋರೆ ಮಠವನ್ನು ನೋಡಿ ಬುವೊನ್‌ಕೊನ್ವೆಂತೊಗೆ ಇಳಿಯುವ ಯೋಚನೆಯನ್ನು ಅಲ್ಲಿಯೇ ಕೈಬಿಟ್ಟೆ.

ಅಶಾನೊದಲ್ಲಿ ರೈಲು ನಿಲ್ದಾಣವಿದೆ. ಈ ಭಾಗದ ಪ್ರಾದೇಶಿಕ ರೈಲಿನಲ್ಲಿ ಸೈಕಲ್ಲಿಗೆ 3.50 ಯೂರೋದ ಬೇರೆ ಟಿಕೆಟ್ ತೆಗೆದುಕೊಂಡರೆ ಬಿಚ್ಚದೆ ಒಯ್ಯಬಹುದು. ಟಿಕೆಟ್ ನೋಡಲು ಬಂದವರು ನೆಲದ ಮೇಲೆ ಉದುರಿದ್ದ ಬೂದು ಹೆಂಟೆಗಳನ್ನೂ ನನ್ನ ಮೊಣಕಾಲನ್ನೂ ನೋಡಿ, “ಸಾಂತೆ ಮರೀಯೆ?” ಎಂದು ಕೇಳಿದರು. ಹೌದೆಂದೆ. “ಮಳೆಯಲ್ಲಾ?” ಎಂದು ತಲೆಯಾಡಿಸಿ ಮುಂದಿನ ಡಬ್ಬಿಗೆ ಹೋದರು.