ತಿದ್ದುವ ಮೊದಲು, ಯಾವುದನ್ನು ಮುಟ್ಟಬಾರದು ಅಂತ ಹೇಳಿ

ಡಿಸೈನರ್ ಪೋಸ್ಟರಿನ ಮೊದಲ ಕರಡು ಕಳಿಸುತ್ತಾರೆ. ನೋಡಿದವರು ಆರು ತಿದ್ದುಪಡಿ ಬರೆದು ವಾಪಸ್ ಕಳಿಸುತ್ತಾರೆ: ಅಕ್ಷರ ದೊಡ್ಡದಾಗಲಿ, ಬಣ್ಣ ತುಸು ತಗ್ಗಲಿ, ದಿನಾಂಕ ಮೇಲೆ ಬರಲಿ, ಹೀಗೆ. ಎರಡನೇ ಕರಡು ಬರುತ್ತದೆ. ಆರೂ ಆಗಿವೆ. ಆದರೆ ಎಡಗಡೆ ಇದ್ದ ದೊಡ್ಡ ಖಾಲಿ ಜಾಗ ಮಾಯ! ಆ ಪೋಸ್ಟರಿನ ಜೀವ ಇದ್ದದ್ದೇ ಅಲ್ಲಿ. ಯಾಕೆ ತೆಗೆದಿರಿ ಅಂತ ಕೇಳಿದರೆ, 'ಅದರ ಬಗ್ಗೆ ಯಾರೂ ಏನೂ ಹೇಳಲಿಲ್ಲವಲ್ಲ, ಹಿಡಿಸಿಲ್ಲ ಅಂದುಕೊಂಡೆ' ಅನ್ನುತ್ತಾರೆ.

ಬರಹ, ಚಿತ್ರ, ವಿಡಿಯೊ, ಧ್ವನಿ ಸಂಕಲನ, ಯಾವ ತಂಡದಲ್ಲಿ ಕೂತರೂ ಇದೇ ಕಥೆ. ತಪ್ಪುಗಳ ಪಟ್ಟಿ ಓದಿದವರಿಗೆ ಏನು ಬದಲಿಸಬೇಕು ಅನ್ನುವುದು ತಿಳಿಯುತ್ತದೆ, ಏನು ಉಳಿಸಬೇಕು ಅನ್ನುವುದು ತಿಳಿಯುವುದಿಲ್ಲ. ಕೈಯಲ್ಲಿ ಉಳಿ ಇದ್ದಾಗ ಎಲ್ಲ ಕಡೆಯೂ ಒಂದೊಂದು ಏಟು ಬೀಳುತ್ತದೆ. ಮೆಚ್ಚುಗೆಯ ಮಾತನ್ನು ನಾವು ಸೌಜನ್ಯದ ಲೆಕ್ಕಕ್ಕೆ ಹಾಕುತ್ತೇವೆ. ನಾನು ಅದನ್ನು ಸಂಪಾದನೆಯ ಸೂಚನೆ ಎಂದೇ ಲೆಕ್ಕ ಹಿಡಿಯುತ್ತೇನೆ: 'ಇದನ್ನು ಮುಟ್ಟಬೇಡಿ' ಎನ್ನುವ ಗುರುತು.

'ಸೂಪರ್', 'ಚೆನ್ನಾಗಿದೆ', ಹೆಬ್ಬೆರಳಿನ ಇಮೋಜಿ, ಇವುಗಳಿಂದ ಯಾರಿಗೂ ಕೇಡಿಲ್ಲ. ಮರುದಿನ ಬೆಳಗ್ಗೆ ಫೈಲ್ ತೆರೆದು ಕೂತವರಿಗೆ ಮಾತ್ರ ಅವುಗಳಿಂದ ಏನೂ ಸಿಗುವುದಿಲ್ಲ. ಕೆಲಸಕ್ಕೆ ಬರುವ ಮಾತಿನಲ್ಲಿ ಮೂರು ಸಂಗತಿ ಇರುತ್ತವೆ: ಯಾವ ಜಾಗ, ಅಲ್ಲಿ ನಿಮಗೆ ಏನಾಯಿತು, ಮುಂದಿನ ಕರಡಿನಲ್ಲಿ ಅದಕ್ಕೆ ಏನಾಗಬೇಕು. 'ಎರಡನೇ ಪ್ಯಾರಾದ ಕೊನೆಯ ಸಾಲಿನಲ್ಲಿ ಕಾರಣ ಹೇಳದೆ ಬಿಟ್ಟಿದ್ದೀರಿ, ಅದಕ್ಕೇ ಮುಂದಿನ ಪುಟಕ್ಕೆ ಹೋದೆ. ಅದನ್ನು ಹಾಗೇ ಇಡಿ.' ಒಟ್ಟು 14 ಪದ. ವಿಡಿಯೊ ಆದರೆ: 'ಸಂಗೀತ ನಿಂತ ಮೇಲೆ ಎರಡು ಸೆಕೆಂಡ್ ಮೌನ ಇದೆಯಲ್ಲ, ಅಲ್ಲಿ ಉಸಿರು ಹಿಡಿದೆ. ಉದ್ದ ಇಳಿಸುವಾಗ ಅದಕ್ಕೆ ಕತ್ತರಿ ಹಾಕಬೇಡಿ.' ಕಸುಬಿನ ಪರಿಭಾಷೆ ಬಾರದಿದ್ದರೂ ನಡೆಯುತ್ತದೆ. 'ಯಾಕೋ ಗೊತ್ತಿಲ್ಲ, ಕಣ್ಣು ಮೊದಲು ಈ ಮೂಲೆಗೆ ಹೋಯಿತು' ಅಂದರೆ ಸಾಕು. ಕಣ್ಣು ಅಲ್ಲಿಗೇ ಹೋಗಬೇಕಿತ್ತೋ ಇಲ್ಲವೋ ಅನ್ನುವುದು ಮಾಡಿದವರಿಗೆ ಗೊತ್ತಿರುತ್ತದೆ.

ಇಂಥ ಜಾಗ ಹುಡುಕಲು ಒಂದು ರೂಢಿ ಬೇಕು. ಮೊದಲ ಸಲ ನೋಡುವಾಗ ಪೆನ್ನು ಹಿಡಿಯಬೇಡಿ, ಕಮೆಂಟ್ ಪೆಟ್ಟಿಗೆ ತೆರೆಯಬೇಡಿ. ಲೇಖನವನ್ನು ತುದಿಯವರೆಗೆ ಓದಿ. ವಿಡಿಯೊವನ್ನು ಎಲ್ಲೂ ನಿಲ್ಲಿಸದೆ ನೋಡಿ. ಚಿತ್ರವಾದರೆ ಜನ ನೋಡುವ ಅಳತೆಯಲ್ಲೇ ಐದು ಸೆಕೆಂಡ್ ನೋಡಿ ಮುಚ್ಚಿ. ಫೋನಿನಲ್ಲಿ ಕಾಣುವ ಚಿತ್ರವನ್ನು ದೊಡ್ಡ ಪರದೆಯಲ್ಲಿ ಹಿಗ್ಗಿಸಿ ಅಳೆದರೆ ಬೇರೆಯದೇ ಚಿತ್ರವನ್ನು ಅಳೆದ ಹಾಗೆ. ಆಮೇಲೆ ನೆನಪಿನಲ್ಲಿ ನಿಂತದ್ದನ್ನು ಬರೆದುಕೊಳ್ಳಿ. ಸಾಮಾನ್ಯವಾಗಿ ಎರಡು ಮೂರಕ್ಕಿಂತ ಹೆಚ್ಚು ಇರುವುದಿಲ್ಲ. ಉಳಿಸಬೇಕಾದದ್ದು ಅದೇ. ತಪ್ಪು ಹುಡುಕುವುದು ಎರಡನೇ ಸುತ್ತಿನ ಕೆಲಸ. ಈ ಕ್ರಮ ತಿರುಗುಮುರುಗಾದರೆ ನಷ್ಟ ನಿಮಗೇ: ಹೊಸ ಕಣ್ಣಿನಿಂದ ನೋಡುವ ಅವಕಾಶ ಒಂದೇ ಸಲ ಸಿಗುವುದು, ಅದನ್ನು ಕಾಗುಣಿತ ತಿದ್ದುವುದಕ್ಕೆ ಖರ್ಚು ಮಾಡಿರುತ್ತೀರಿ.

ಏನೂ ನೆನಪಿನಲ್ಲಿ ನಿಲ್ಲದಿದ್ದರೆ? ಹುಟ್ಟಿಸಿ ಹೇಳಬೇಡಿ. ಬಾಯಿಗೆ ಬಂದದ್ದನ್ನು ಹೊಗಳಿದರೆ ಮುಂದಿನ ಕರಡಿನಲ್ಲಿ ಅದೇ ದುಪ್ಪಟ್ಟಾಗಿ ಬರುತ್ತದೆ. 'ಇನ್ನೂ ನನ್ನನ್ನು ಹಿಡಿದಿಲ್ಲ. ನಿಮಗೆ ಇದರಲ್ಲಿ ಯಾವ ಭಾಗ ಇಷ್ಟ?' ಅಂತ ಕೇಳಿ. ಎಷ್ಟೋ ಸಲ ಅವರು ತೋರಿಸುವ ಭಾಗ ಎಲ್ಲೋ ಮೂರನೇ ಪುಟದಲ್ಲಿ ಹುದುಗಿರುತ್ತದೆ.

ಹಂತ ನೋಡಿ ಮಾತಾಡುವುದು ಇನ್ನೂ ಮುಖ್ಯ. ಕೆಲಸ ಕೈಗೆ ಬಂದ ಕೂಡಲೇ ಕೇಳಬೇಕಾದ ಪ್ರಶ್ನೆ: 'ದಿಕ್ಕು ನೋಡಬೇಕೋ, ನಯ ನಾಜೂಕು ನೋಡಬೇಕೋ?' ಮೊದಲ ಗೀಚಿನ ಹಂತದಲ್ಲಿ ಮಾತು ದಿಕ್ಕಿನ ಬಗ್ಗೆ ಇರಲಿ: 'ಮೂರರಲ್ಲಿ ಎರಡನೆಯದರಲ್ಲಿ ಏನೋ ಇದೆ, ಅದನ್ನೇ ಇನ್ನೊಂದು ದಿನ ಎಳೆದು ನೋಡಿ.' ಈ ಹಂತದಲ್ಲಿ 'ಇದೇ, ಇದೇ!' ಅಂತ ಕುಣಿದರೂ ತೊಂದರೆ. ಉಳಿದ ದಾರಿಗಳೆಲ್ಲ ಅಲ್ಲಿಗೇ ಮುಚ್ಚಿಹೋಗುತ್ತವೆ.

ಎಲ್ಲಕ್ಕಿಂತ ಕಷ್ಟದ ಕಾಲ ನಡುವಿನದು. ಮುಕ್ಕಾಲು ಭಾಗ ಆಗಿರುತ್ತದೆ, ಹೊಸತನದ ಹುರುಪು ಇಳಿದಿರುತ್ತದೆ, ದಡ ಕಾಣುವುದಿಲ್ಲ. ಜನ ಕೆಲಸ ಬಿಡುವುದೂ ಇಲ್ಲಿ, ಪೂರ್ತಿ ಅಳಿಸಿ ಮೊದಲಿಂದ ಶುರು ಮಾಡುವುದೂ ಇಲ್ಲಿ. ಸಂಶೋಧಕರಾದ ತೆರೇಸಾ ಅಮಾಬಿಲೆ ಮತ್ತು ಸ್ಟೀವನ್ ಕ್ರೇಮರ್ 7 ಕಂಪನಿಗಳ 238 ಜನರಿಂದ ಸುಮಾರು 12,000 ದಿನಚರಿ ಬರಹ ಸಂಗ್ರಹಿಸಿ ಓದಿದರು. ಕೆಲಸದಲ್ಲಿ ಒಂದು ಹೆಜ್ಜೆ ಮುಂದೆ ಹೋದ ಅನುಭವ, ಅದು ಚಿಕ್ಕದಾದರೂ, ಆ ದಿನದ ಉತ್ಸಾಹಕ್ಕೆ ಎಲ್ಲಕ್ಕಿಂತ ದೊಡ್ಡ ಕಾರಣ ಎನ್ನುವುದು ಅವರಿಗೆ ಕಂಡದ್ದು. ಸೃಜನಶೀಲ ಕೆಲಸದ ತಾಪತ್ರಯವೆಂದರೆ, ಆ ಹೆಜ್ಜೆ ಕೆಲಸ ಮಾಡುವವರ ಕಣ್ಣಿಗೇ ಬೀಳುವುದಿಲ್ಲ. ಹಾಗಾಗಿ ಹಳೆಯ ಕರಡನ್ನೂ ಹೊಸದನ್ನೂ ಪಕ್ಕಪಕ್ಕ ತೆರೆದಿಟ್ಟು ಹೇಳಿ: 'ಹೋದ ವಾರ ಕಥೆ ಶುರುವಾಗಲು ಎರಡು ಪುಟ ಬೇಕಿತ್ತು, ಈಗ ಅರ್ಧ ಪುಟ ಸಾಕು.' ಹಳೆಯದನ್ನು ತೆರೆಯದೆ 'ತುಂಬಾ ಸುಧಾರಿಸಿದೆ' ಅಂದರೆ ನೀವು ನೋಡಿಲ್ಲ ಅಂತ ಅವರಿಗೆ ಗೊತ್ತಾಗುತ್ತದೆ.

ಗಡುವಿನ ಹಿಂದಿನ ರಾತ್ರಿ ಎರಡೇ ಮಾತು: ಯಾವುದು ಗಟ್ಟಿಯಾಗಿ ನಿಂತಿದೆ, ಯಾವ ತಪ್ಪು ತಿದ್ದದೆ ಹೊರಗೆ ಹೋಗಕೂಡದು. 'ಹೀಗೂ ಮಾಡಬಹುದಿತ್ತು' ಎನ್ನುವುದನ್ನು ಮುಂದಿನ ಕೆಲಸಕ್ಕೆ ಬರೆದಿಟ್ಟುಕೊಳ್ಳಿ.

ಕಳಿಸಿದ ಕೆಲಸಕ್ಕೂ ಉತ್ತರಕ್ಕೂ ನಡುವಿನ ಮೌನವನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಿಮಗೆ ಅದು ಬರೀ ಪುರುಸೊತ್ತಿನ ಪ್ರಶ್ನೆ. ಕಳಿಸಿದವರ ತಲೆಯಲ್ಲಿ ಅಷ್ಟರಲ್ಲಿ ತೀರ್ಪೇ ಬಂದಿರುತ್ತದೆ. 'ಬಂತು. ಗುರುವಾರ ಮಧ್ಯಾಹ್ನದೊಳಗೆ ನೋಡಿ ಹೇಳುತ್ತೇನೆ' ಅಂತ ಅದೇ ದಿನ ಬರೆಯಿರಿ. ಗುರುವಾರ ಆಗದಿದ್ದರೆ ಬುಧವಾರವೇ ತಿಳಿಸಿ.

ಇನ್ನು 'ಆದರೆ'. 'ಆರಂಭ ಚೆನ್ನಾಗಿದೆ, ಆದರೆ...' ಅಂದ ಕ್ಷಣ ಮೊದಲಿನದು ಸುಳ್ಳಾಗುತ್ತದೆ. ಮೆಚ್ಚುಗೆ ಮೇಲೆ, ಟೀಕೆ ನಡುವೆ, ಮತ್ತೆ ಮೆಚ್ಚುಗೆ ಎನ್ನುವ ಸ್ಯಾಂಡ್‌ವಿಚ್ ಪದ್ಧತಿಯ ಗತಿಯೂ ಇದೇ. ಎರಡು ಸಲ ತಿಂದವರು ಮೂರನೇ ಸಲ ಹೊಗಳಿಕೆ ಕೇಳಿದ ಕೂಡಲೇ ಏಟಿಗೆ ಬೆನ್ನು ಒಡ್ಡಿ ಕೂರುತ್ತಾರೆ. ಎರಡನ್ನೂ ಬೇರೆ ಮಾಡಿ. ಮೇಲೆ 'ಉಳಿಸಿ' ಎಂಬ ತಲೆಬರಹ, ಕೆಳಗೆ 'ಬದಲಿಸಿ' ಎಂಬ ತಲೆಬರಹ, ನಡುವೆ ಒಂದು ಗೆರೆ. ನೋಡಲು ಒರಟು ಅನ್ನಿಸಬಹುದು, ಆದರೆ ಇದರಲ್ಲಿ ಯಾರಿಗೂ ಗೊಂದಲವಿಲ್ಲ.

ಒಂದು ಟೀಕೆಗೆ ಮೂರು ಮೆಚ್ಚುಗೆ ಬೇಕು ಎನ್ನುವ ಲೆಕ್ಕ ತರಬೇತಿ ಶಿಬಿರಗಳಲ್ಲಿ ಇವತ್ತಿಗೂ ಓಡಾಡುತ್ತದೆ. 2005ರ ಒಂದು ಪ್ರಬಂಧ, ಒಂದು ಕೆಟ್ಟ ಭಾವನೆಗೆ 2.9013ಕ್ಕಿಂತ ಹೆಚ್ಚು ಒಳ್ಳೆಯ ಭಾವನೆ ಇದ್ದರೆ ಜನ ಅರಳುತ್ತಾರೆ ಎಂಬ ಗಡಿ ಅನುಪಾತ ಕೊಟ್ಟಿತ್ತು. ಅದರ ಗಣಿತವೇ ತಪ್ಪೆಂದು 2013ರಲ್ಲಿ ನಿಕೊಲಸ್ ಬ್ರೌನ್, ಅಲನ್ ಸೋಕಲ್ ಮತ್ತು ಹ್ಯಾರಿಸ್ ಫ್ರೀಡ್‌ಮನ್ ತೋರಿಸಿದರು. ಆ ಗಣಿತದ ಭಾಗವನ್ನು ಹಿಂತೆಗೆದುಕೊಳ್ಳಲಾಯಿತು. ದಶಮಾಂಶದ ನಾಲ್ಕು ಸ್ಥಾನದವರೆಗೆ ಮನಸ್ಸನ್ನು ಅಳೆದಿದ್ದೇವೆ ಅಂದಾಗಲೇ ಅನುಮಾನ ಬರಬೇಕಿತ್ತು ಬಿಡಿ. ಎಣಿಸಿ ಹೊಗಳಬೇಡಿ.

ಮೆಚ್ಚುಗೆ ವ್ಯಕ್ತಿಗೆ ಅಂಟಿಕೊಂಡಾಗ ಕೆಡುತ್ತದೆ. 1996ರಲ್ಲಿ ಸಂಶೋಧಕರಾದ ಅವ್ರಹಾಂ ಕ್ಲೂಗರ್ ಮತ್ತು ಆಂಜೆಲೊ ಡಿನೀಸಿ ಹಳೆಯ ಅಧ್ಯಯನಗಳಿಂದ 607 ಫಲಿತಾಂಶ ಒಟ್ಟುಗೂಡಿಸಿದಾಗ, ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ ಪ್ರತಿಕ್ರಿಯೆ ಸಿಕ್ಕ ಮೇಲೆ ಕೆಲಸ ಕುಸಿದಿತ್ತು. ಗಮನ ಕೆಲಸದಿಂದ ಸರಿದು 'ನಾನು ಎಂಥವನು' ಎನ್ನುವ ಕಡೆಗೆ ಹೋದಷ್ಟೂ ಫಲ ಕಡಿಮೆ ಎನ್ನುವುದು ಅವರ ವಿವರಣೆ. 1998ರಲ್ಲಿ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ ಶಾಲಾ ಮಕ್ಕಳಲ್ಲಿ ಕಂಡದ್ದೂ ಇದಕ್ಕೆ ಹತ್ತಿರ: ಬುದ್ಧಿಯನ್ನು ಹೊಗಳಿಸಿಕೊಂಡವರು ಸೋತ ಮೇಲೆ ಬೇಗ ಕೈಬಿಟ್ಟರು, ಶ್ರಮವನ್ನು ಹೊಗಳಿಸಿಕೊಂಡವರು ಹಿಡಿದು ಕೂತರು. ದೊಡ್ಡವರಿಗೆ 'ನೀವು ಹುಟ್ಟು ಕಲಾವಿದರು' ಅಂದರೆ ಹೊನ್ನಶೂಲವೇ. ಮುಂದಿನ ಕೆಲಸ ಸಾಧಾರಣವಾದರೆ ಆ ಹೆಸರೇ ಹೋಗುತ್ತದಲ್ಲ ಎಂಬ ಭಯಕ್ಕೆ ಅವರು ಹೊಸದೇನನ್ನೂ ಮುಟ್ಟುವುದಿಲ್ಲ. ಆಯ್ಕೆಯನ್ನು ಹೊಗಳಿ: 'ಕೆಂಪು ಬಿಟ್ಟು ಬೂದು ಹಿಡಿದದ್ದು ಕೆಲಸ ಮಾಡಿತು.'

ಇನ್ನೊಂದು ಸೂಕ್ಷ್ಮ. ಮನಶ್ಶಾಸ್ತ್ರಜ್ಞ ರಿಚರ್ಡ್ ರಯನ್ 1982ರ ಪ್ರಯೋಗದಲ್ಲಿ ಒಗಟು ಬಿಡಿಸಿದವರ ಪೈಕಿ ಕೆಲವರಿಗೆ 'ಹೇಗೆ ಮಾಡಬೇಕಿತ್ತೋ ಹಾಗೇ ಮಾಡಿದ್ದೀರಿ' ಎನ್ನುವ ಧಾಟಿಯ ಮೆಚ್ಚುಗೆ ಕೊಟ್ಟರು, ಕೆಲವರಿಗೆ ಬರೀ ಮಾಹಿತಿಯ ಧಾಟಿಯಲ್ಲಿ. ಮೊದಲ ಗುಂಪಿನವರು ಬಿಡುವು ಸಿಕ್ಕಾಗ ಆ ಒಗಟುಗಳ ಕಡೆ ಹೋದದ್ದು ಕಡಿಮೆ. 'ಯಾವಾಗಲೂ ಹೀಗೇ ಮಾಡುತ್ತಿರಿ' ಎಂಬ ಮಾತಿನಲ್ಲಿ ಹಗ್ಗ ಇದೆ. ಭಾನುವಾರ ಕೆಲಸ ಕೇಳುವ ಮುನ್ನ ಹೊಗಳುವವರ ಮಾತಿನಲ್ಲಂತೂ ಹಗ್ಗ ಕಣ್ಣಿಗೇ ಕಾಣುತ್ತದೆ.

ಎಲ್ಲರೂ ಕೂತು ಒಬ್ಬರ ಕೆಲಸ ನೋಡುವ ಸಭೆಗೆ ಅಮೆರಿಕದ ನೃತ್ಯ ಸಂಯೋಜಕಿ ಲಿಜ್ ಲರ್ಮನ್ ರೂಪಿಸಿದ ನಾಲ್ಕು ಹೆಜ್ಜೆಯ ಕ್ರಮ ಒಳ್ಳೆಯದು. ಮೊದಲು ನೋಡಿದವರು ತಮಗೆ ಯಾವುದು ತಟ್ಟಿತು ಅಂತ ಹೇಳುತ್ತಾರೆ. ಆಮೇಲೆ ಮಾಡಿದವರು ಪ್ರಶ್ನೆ ಕೇಳುತ್ತಾರೆ. ನಂತರ ನೋಡಿದವರ ಪ್ರಶ್ನೆ, ಅಭಿಪ್ರಾಯ ಅದರೊಳಗೆ ನುಸುಳದ ಹಾಗೆ. ಕೊನೆಗೆ ಅಭಿಪ್ರಾಯ, ಅದೂ 'ಹೇಳಲೇ?' ಅಂತ ಕೇಳಿ ಒಪ್ಪಿದರೆ ಮಾತ್ರ. ಸಾಮಾನ್ಯವಾಗಿ ಹಳಿ ತಪ್ಪುವುದು ಮೂರನೇ ಹೆಜ್ಜೆಯಲ್ಲಿ: 'ಇಷ್ಟು ಗಾಢ ಬಣ್ಣ ಯಾಕೆ?' ಅನ್ನುವುದು ಪ್ರಶ್ನೆಯ ವೇಷದ ದೂರು. 'ಬಣ್ಣ ಆರಿಸುವಾಗ ಏನು ಯೋಚಿಸಿದಿರಿ?' ಅಂದರೆ ಉತ್ತರ ಬರುತ್ತದೆ.

ಹೊರಗಿನ ಓದುಗರೋ ನೋಡುಗರೋ ಏನಾದರೂ ಒಂದು ಸಾಲು ಬರೆದರೆ, ಅದನ್ನು ಸಾರಾಂಶ ಮಾಡದೆ ಅವರ ಮಾತಿನಲ್ಲೇ ಮಾಡಿದವರಿಗೆ ದಾಟಿಸಿ. ಗ್ರೂಪಿನಲ್ಲಿ ಹಾಕುವ ಮೊದಲು ಅವರನ್ನೇ ಕೇಳಿ. ಎಲ್ಲರ ಮುಂದೆ ಹೊಗಳಿಸಿಕೊಳ್ಳುವುದು ಎಲ್ಲರಿಗೂ ಒಗ್ಗುವುದಿಲ್ಲ.

ಮೆಚ್ಚಿದ ತಂತ್ರವೇ ಮುಂದಿನ ಮೂರು ಕೆಲಸಗಳಲ್ಲೂ ಬಂದರೆ ಬೇಸರ ಪಡಬೇಡಿ, ಅದು ನಿಮ್ಮ ಮಾತಿನದೇ ಫಲ. ಆಗ ಮೊದಲ ಪೋಸ್ಟರನ್ನು ಮತ್ತೆ ಪಕ್ಕದಲ್ಲಿ ತೆರೆದು, 'ಆ ಖಾಲಿ ಜಾಗ ಇದಕ್ಕೆ ಬೇಕಿತ್ತು, ಯಾಕೆಂದರೆ ಇಲ್ಲಿದ್ದದ್ದು ಒಂದೇ ಸಾಲು. ಈಗಿನದರಲ್ಲಿ ಎಂಟು ಸಾಲು ಇದೆ, ನೋಡೋಣ' ಅನ್ನಿ.